ಒಬ್ಬರ ಪಲ್ಲಂಗ

ನಮ್ಮ ಬಸವಕಲ್ಯಾಣದಲ್ಲಿ ಮನೆಗೆ ಸಾಮಾನು ತಂದವರು ಬಾಗಿಲಲ್ಲಿ ನಿಂತು ಮೊದಲು ಕೇಳುವುದು, "ಮನ್ಯಾಗ ಯಾರ ಅದಾರ್ರಿ?" ಅಂತ. ಕೇಳುವುದು ನನ್ನನ್ನೇ. ನಾನು ಎದುರಿಗೇ ನಿಂತಿರುತ್ತೇನೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈಯಲ್ಲಿ ಬೀಗದಕೈ ಗೊಂಚಲು ಹಿಡಿದು. "ನಾ ಅದೀನಲ್ರಿ" ಅಂದರೆ ಅವರು ನನ್ನ ಹೆಗಲ ಮೇಲಿಂದ ಒಳಗೆ ಇಣುಕಿ, ಇನ್ನೂ ಯಾರೋ ಬರಬೇಕು ಅನ್ನುವ ಹಾಗೆ ಕಾಯುತ್ತಾರೆ.

ಒಬ್ಬಳೇ ಇರತೊಡಗಿದ ಮೊದಲ ವರ್ಷ ನಾನೂ ಒಂದು ನಾಟಕ ಹೂಡಿದ್ದೆ. ಗ್ಯಾಸಿನವನು ಬಂದಾಗ ಖಾಲಿ ಕೋಣೆಯ ಕಡೆ ತಿರುಗಿ, "ಏನ್ರೀ, ಸಿಲಿಂಡರ್ ಬಂತ್ರೀ" ಎಂದು ಕೂಗುತ್ತಿದ್ದೆ. ಒಂದು ದಿನ ಅವನು ಮರುಕದಿಂದ, "ಸಾಹೇಬರಿಗೆ ಭಾಳ ದಿನದಿಂದ ಆರಾಮಿಲ್ಲೇನ್ರಿ ಬಾಯಾರ? ಎಂದೂ ಹೊರಗ ಕಾಣಂಗಿಲ್ಲ" ಎಂದು ಕೇಳಿದ. ಇಲ್ಲದ ಗಂಡನಿಗೆ ಕಾಯಿಲೆ ಬೇರೆ ಅಂಟಿಸಿದೆನಲ್ಲ ಎಂದು ನಗು ಬಂತು. ಅವತ್ತಿಗೆ ಆ ನಾಟಕ ಬಿಟ್ಟೆ. ಸಿಲಿಂಡರನ್ನು ಓರೆ ಮಾಡಿ, ಅಂಚಿನ ಮೇಲೆ ಹೊರಳಿಸುತ್ತ ಒಲೆಯ ತನಕ ಒಯ್ಯುವುದನ್ನು ಕಲಿತೆ.

ನನ್ನ ಗಂಡ ಹುಮನಾಬಾದಿನ ಹೆದ್ದಾರಿಯಲ್ಲಿ ಲಾರಿ ಬಡಿದು ತೀರಿಕೊಂಡರು. ಮಕ್ಕಳಾಗಿರಲಿಲ್ಲ. ಅಣ್ಣ ಗುರುಶಾಂತ ಹುಮನಾಬಾದಿನ ದಾಲ್ ಬಜಾರಿನಲ್ಲಿ ಅಡತಿ ಅಂಗಡಿ ಇಟ್ಟವನು. ತನ್ನ ಮನೆಗೆ ಬಾ ಅಂದ. ಒಂದು ವರ್ಷ ಇದ್ದೆ. ಅತ್ತಿಗೆ ಒಳ್ಳೆಯವಳು, ಅದೇ ಕಷ್ಟ. ಒಳ್ಳೆಯವರ ಮನೆಯಲ್ಲಿ ಸುಮ್ಮನೆ ಕೂತು ಉಣ್ಣುವುದು ಸಣ್ಣ ಮಾತಲ್ಲ. ಕೊನೆಗೆ ಬಸವಕಲ್ಯಾಣಕ್ಕೆ ಬಂದು, ಒಂದು ಗಲ್ಲಿಯ ಬಾಯಲ್ಲಿ ಎಸ್‌ಟಿಡಿ ಬೂತ್ ಹಾಕಿದೆ. ಮುಂದೆ ಬೂತ್, ಅದರ ಹಿಂದೆ ಒಂದೇ ಕೋಣೆ. ಕೋಣೆಗೆ ಎರಡು ಬಾಗಿಲು: ಒಂದು ಬೂತಿಗೆ, ಇನ್ನೊಂದು ಹಿತ್ತಲಿಗೆ. ಹಿತ್ತಲಿನ ಆಚೆ ಮನೆಯ ಒಡತಿ ಹಜಿರಾ ಬೀ ಇದ್ದಳು. ನಾನು ಅವಳನ್ನು ಖಾಲಾ ಅನ್ನುತ್ತಿದ್ದೆ.

ಆ ಬದುಕು ನನಗೆ ಸೇರಿತು. ಹೀಗೆ ಹೇಳಿದರೆ ನಮ್ಮವರಿಗೆ ಸಿಟ್ಟು ಬರುತ್ತದೆ. ಗಂಡ ಸತ್ತವಳು ಅಳುತ್ತಿರಬೇಕು, ಇಲ್ಲ ಇನ್ನೊಂದು ಮನೆ ಮಾಡಬೇಕು, ಆರಾಮಾಗಿರಬಾರದು. ನಾನು ಆರಾಮಾಗಿದ್ದೆ. ಶಟರ್ ಎಳೆದು, ಎರಡು ರೊಟ್ಟಿ ಬಡಿದು, ಪುಂಡಿಪಲ್ಯ ಹಚ್ಚಿಕೊಂಡು ಉಂಡು, ರೇಡಿಯೋ ಹಚ್ಚಿ ಕಾಲು ಚಾಚಿದರೆ ಇನ್ನೇನು ಬೇಕು ಅನಿಸುತ್ತಿತ್ತು. ಗಲ್ಲಿಯ ಅರ್ಧ ಮಂದಿ ತಮ್ಮ ನಂಬರೆಂದು ನನ್ನ ಬೂತಿನ ನಂಬರನ್ನೇ ಊರೂರಿಗೆ ಕೊಟ್ಟಿದ್ದರು. ಫೋನ್ ಬಂದರೆ ನಾನು ಹೋಗಿ ಕರೆದು ತರುತ್ತಿದ್ದೆ. ಖಾಲಾನ ಮಗಳು ತಾಹೇರಾ ಹೈದರಾಬಾದಿನಿಂದ ಪ್ರತಿ ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿದ ಮೇಲೆ ಫೋನ್ ಮಾಡುತ್ತಿದ್ದಳು. ಆ ವೇಳೆಗೆ ಖಾಲಾ ಬಂದು ಸ್ಟೂಲಿನ ಮೇಲೆ ಕೂತು, ಫೋನಿನ ಕಡೆಗೇ ನೋಡುತ್ತಿದ್ದಳು.

ಕೆಟ್ಟಿದ್ದು ನನ್ನ ಬೆನ್ನು. ಎರಡು ಸಾವಿರದ ಒಂದನೇ ಇಸವಿಯ ಚಳಿಗಾಲದಲ್ಲಿ, ಬೆಳಿಗ್ಗೆ ಚಾಪೆಯಿಂದ ಏಳಬೇಕಾದರೆ ಗೋಡೆ ಹಿಡಿಯಬೇಕಾಗುತ್ತಿತ್ತು. ಡಾಕ್ಟರರು, "ನೆಲದ ಮ್ಯಾಲ ಮಲಗಬ್ಯಾಡ್ರಿ" ಅಂದರು. ಸರಿ, ಒಂದು ಪಲ್ಲಂಗ ಮಾಡಿಸೋಣ ಅಂದುಕೊಂಡೆ. ಕೋಣೆ ಚಿಕ್ಕದು. ಒಲೆ, ಟ್ರಂಕು, ಎರಡು ಬಾಗಿಲು ಬಿಟ್ಟರೆ ಕಿಟಕಿಯ ಕೆಳಗೆ ಮೂರು ಫೂಟು ಅಗಲದ ಜಾಗ ಉಳಿಯುತ್ತಿತ್ತು. ನನಗೆ ಅಷ್ಟು ಸಾಕು. ನಮ್ಮ ಊರಿನ ಅಂಗಡಿಗಳಲ್ಲಿ ಇದ್ದದ್ದೆಲ್ಲ ಜೋಡಿಗಳು ಮಲಗುವವು. ಅದಕ್ಕೆ ಹುಮನಾಬಾದಿನ ಬಸ್ಸು ಹತ್ತಿದೆ.

ಫರ್ನಿಚರ್ ಅಂಗಡಿಯ ಓಂಪ್ರಕಾಶ ಸೇಠ ಚಹಾ ತರಿಸಿ, ಕೈ ಜೋಡಿಸಿ ಕೇಳಿದ. "ಯಾರ ಮದುವಿರೀ ಬಾಯಾರ?"

"ಯಾರ ಮದುವಿನೂ ಅಲ್ರಿ. ನನಗ ಮಲಗಾಕ. ಒಬ್ಬರದು ಬೇಕು."

"ಒಬ್ಬರದು ಹಾಸ್ಟೆಲಿಗೆ ಒಯ್ತಾರ್ರಿ, ಕಬ್ಬಿಣದ್ದು."

"ನಾ ಹಾಸ್ಟೆಲಿನ್ಯಾಗ ಇಲ್ರಿ, ನನ್ನ ಮನ್ಯಾಗ ಅದೀನಿ. ಕಟಗೀದು ಮಾಡಿ ಕೊಡ್ರಿ. ಮೂರು ಫೂಟು ಅಗಲ."

ಸೇಠ ಬರೆದುಕೊಂಡ. ಬರೆಯುತ್ತ ಬರೆಯುತ್ತ ತಲೆ ಎತ್ತಿದ. "ನೀವು ಗುರುಶಾಂತಪ್ಪನವರ ತಂಗಿ ಅಲ್ಲೇನ್ರಿ? ಹಿಂಗ್ ಹೇಳ್ರಿ ಮತ್ತ! ನೀವೇನ ಫಿಕೀರ್ ಮಾಡಬ್ಯಾಡ್ರಿ. ಶುಕ್ರವಾರ ಮುಂಜಾನೆ ಮಾಲು ನಿಮ್ಮ ಮನಿಗಿ ಬರ್ತದ."

ಟೆಂಪೋದವರ ಮುಂಜಾನೆ ಅಂದರೆ ಮಧ್ಯಾಹ್ನ. ಒಬ್ಬರೇ ಇರುವವರಿಗೆ ಸಾಮಾನು ಬರುವ ದಿನ ಅಂದರೆ ಗಳಿಕೆ ಇಲ್ಲದ ದಿನ; ಬೂತಿನಲ್ಲಿ ಕೂತರೆ ಹಿತ್ತಲಿನ ಬಾಗಿಲು ತೆಗೆಯುವವರಿಲ್ಲ, ಹಿತ್ತಲಿನಲ್ಲಿ ನಿಂತರೆ ಬೂತು ನೋಡುವವರಿಲ್ಲ. ಕಾದು ಕಾದು, ಟೆಂಪೋದ ಹಾರ್ನ್ ಕೇಳಿದ ಮೇಲೆ ಗಿರಾಕಿಗಳಿಗೆ ಕೈ ಮುಗಿದು ಕಳಿಸಿ, ಶಟರ್ ಎಳೆದು ಒಳಗಿನಿಂದ ಚಿಲಕ ಹಾಕಿ ಹಿತ್ತಲಿಗೆ ಹೋದೆ. ಬೂತಿನ ಕಡೆಯಿಂದ ದೊಡ್ಡ ಸಾಮಾನು ಬರುವಂತಿರಲಿಲ್ಲ, ಗಿರಾಕಿಗಳು ನಿಂತು ಮಾತಾಡುವ ಗಾಜಿನ ಡಬ್ಬಿ ಅಡ್ಡ ಇತ್ತು.

ಟೆಂಪೋ ಓಡಿಸುವ ಗೌಸ, ಫಿಟ್ಟಿಂಗ್ ಮಾಡುವ ಅಂಬಾದಾಸ, ಇಬ್ಬರೇ ಬಂದಿದ್ದರು. ಮೊದಲು ತಲೆಕಡೆಯ ಹಲಗೆ ಇಳಿಸಿದರು. ಅದು ಹಿತ್ತಲಿನ ಬಾಗಿಲಿಗಿಂತ ಅಗಲ. ನಡುವೆ ಕನ್ನಡಿ, ಎರಡೂ ಕಡೆ ಕೊರೆದ ನವಿಲು, ಮೇಲೆ ಪಾಲೀಷಿನ ಮಿಂಚು. ಹಜಿರಾ ಬೀ ಹೊರಗೆ ಬಂದು ಬಾಯಿಗೆ ಸೆರಗು ಹಿಡಿದಳು. "ಯಾ ಅಲ್ಲಾ, ಎಷ್ಟ ಚೆಂದ ಅದ!"

"ಇದು ನನ್ನದಲ್ರಿ. ತಪ್ಪಿ ತಂದೀರಿ" ಅಂದೆ.

ಅಂಬಾದಾಸ ಜೇಬಿನಿಂದ ಚೀಟಿ ತೆಗೆದು ನೋಡಿದ. "ಮೀರಾಬಾಯಿ, ಟೆಲಿಫೋನ್ ಬೂತ್. ನಿಮ್ಮದಾ ಅದರಿ. ಬಾಯಾರು ಅಳತಿ ತಪ್ಪಿ ಹೇಳ್ಯಾರ, ದೊಡ್ಡದು ಒಯ್ರಿ ಅಂದ್ರು ಸೇಠ. ರೇಟು ಅದಾ ಅಂತರಿ."

"ಅಳತಿ ನಾ ತಪ್ಪಿ ಹೇಳಿಲ್ಲ. ತಿರುಗಿ ಒಯ್ರಿ."

ಗೌಸ ತಲೆ ಕೆರೆದುಕೊಂಡ. ಅವನಿಗೆ ಸಂಜೆಯೊಳಗೆ ಇನ್ನೊಂದು ಬಾಡಿಗೆ ಇತ್ತು. ಅಂಬಾದಾಸ ಮಾತು ಬೆಳೆಸದೆ ಬೋಲ್ಟಿನ ಚೀಲ ಬಿಚ್ಚಿ, ಅದರೊಳಗಿಂದ ಒಂದೇ ಒಂದು ಬೋಲ್ಟನ್ನು ಆರಿಸಿ ಕಿಟಕಿಯ ಕಟ್ಟೆಯ ಮೇಲೆ ಬೇರೆ ಇಟ್ಟ. ಅದಕ್ಕೆ ಅರಿಷಿಣದ ದಾರ ಸುತ್ತಿತ್ತು. ಅದನ್ನು ನೋಡಿದ ಕೂಡಲೇ ಇದು ಯಾರ ಕೆಲಸವೆಂದು ನನಗೆ ಗೊತ್ತಾಯಿತು.

ನಮ್ಮ ಕಡೆ ಮದುವೆಯ ಪಲ್ಲಂಗಕ್ಕೆ ಒಂದು ಪದ್ಧತಿ ಇದೆ. ಪಲ್ಲಂಗ ತವರಿನಿಂದ ಹೋಗುತ್ತದೆ. ಮೂರು ಮೂಲೆಯನ್ನು ಅಂಗಡಿಯವನು ಜೋಡಿಸಿ, ನಾಲ್ಕನೆಯ ಮೂಲೆಯ ಬೋಲ್ಟನ್ನು ಹುಡುಗಿಯ ಅಣ್ಣನಿಗೆ ಬಿಡುತ್ತಾನೆ. ಅಣ್ಣ ಅದನ್ನು ತನ್ನ ಕೈಯಾರೆ ಬಿಗಿದರೆ ತಂಗಿಯ ಸಂಸಾರ ಗಟ್ಟಿ. ಅವನಿಗೆ ತೆಂಗಿನಕಾಯಿ, ಟವೆಲು ಕೊಡುತ್ತಾರೆ. ಹುಮನಾಬಾದಿನ ಅಂಗಡಿಗಳವರು ಆ ಬೋಲ್ಟಿಗೆ ದಾರ ಸುತ್ತಿಯೇ ಕಳಿಸುತ್ತಾರೆ. ನನ್ನ ಮದುವೆಯಲ್ಲಿ ಗುರುಶಾಂತ ಬೋಲ್ಟು ತಿರುಗಿಸುವ ಪಾನಾದ ಮೇಲೆ ಮೈಭಾರ ಬಿಟ್ಟು, ಬೆವರು ಇಳಿಯುವ ತನಕ ಬಿಗಿದಿದ್ದ. ಸಾಕು ಬಿಡೋ ಅಂದರೂ ಬಿಟ್ಟಿರಲಿಲ್ಲ.

"ಇದಕ್ಕ ದಾರ ಯಾಕ ಸುತ್ತೀರಿ?" ಕೇಳಿದೆ. ಉತ್ತರ ಗೊತ್ತಿದ್ದೇ ಕೇಳಿದೆ.

"ಅಣ್ಣಾರು ಬಿಗೀಬೇಕಲ್ರಿ. ಹಿಂದ ಗಾಡಿ ಮ್ಯಾಲ ಬರಾಕತ್ತಾರ" ಅಂದ ಅಂಬಾದಾಸ. ನನ್ನ ಮುಖ ನೋಡಿ ದನಿ ತಗ್ಗಿಸಿದ. "ನಿಮಗ ಮಾಲೂಮಿಲ್ಲೇನ್ರಿ?"

ಅಷ್ಟರಲ್ಲಿ ಅಣ್ಣನ ಮೋಟಾರ್ ಸೈಕಲ್ಲಿನ ಸದ್ದು ಗಲ್ಲಿಗೆ ಬಂತು. ಬಿಳಿ ಅಂಗಿ, ಹಣೆಗೆ ವಿಭೂತಿ, ಕೈಯಲ್ಲಿ ಪೇಢೆಯ ಡಬ್ಬಿ. ನಲವತ್ತೈದು ದಾಟಿದರೂ ನಗುವಾಗ ಅವನ ಮುಖ ಇನ್ನೂ ಹುಡುಗನದೇ. ಆ ನಗುವಿಗೆ ಸಿಟ್ಟು ಮಾಡುವುದು ನನಗೆ ಯಾವತ್ತೂ ಕಷ್ಟ, ಅವತ್ತೊಂದು ದಿನ ಕಷ್ಟವಾಗಲಿಲ್ಲ.

"ಅಣ್ಣಾ, ಏನಿದು?"

"ಏನಿಲ್ಲವ್ವಾ. ನೀ ಪಲ್ಲಂಗ ಕೇಳೀದಿ ಅಂತ ಸೇಠ ಹೇಳಿದ, ಜೋಡೀದಾ ಕಳಸು ಅಂದೆ. ಮೊದಲ ಒಳಗ ಕುಂದ್ರೂಣು ಬಾ."

"ಇಲ್ಲೇ ಹೇಳು. ಯಾರನ್ನ ನೋಡಿ ಇಟ್ಟೀದಿ?"

ಅವನು ಗೌಸ, ಅಂಬಾದಾಸರ ಕಡೆ ನೋಡಿ, ಹಜಿರಾ ಬೀಯ ಕಡೆ ನೋಡಿ, ಕೊನೆಗೆ ಪೇಢೆಯ ಡಬ್ಬಿಗೇ ಹೇಳಿದ. "ಚಿಟಗುಪ್ಪಾ ಕಡೀ ಮಂದಿ. ಹೆಂಡ್ತಿ ಸತ್ತು ಮೂರು ವರ್ಷಾತು. ಹೊಲಾ ಅದ, ಮನಿ ಅದ, ಕುಡಿಯೂದಿಲ್ಲ, ಏನಿಲ್ಲ. ಗಂಡ ಸತ್ತಾಕಿ ಆದ್ರೂ ನಡೀತದ, ಉಡಕಿ ಮಾಡ್ಕೋತೀವಿ ಅಂದಾರ. ಬುಧವಾರ ಇಲ್ಲಿಗೇ ನೋಡಾಕ ಬರ್ತಾರ, ಬಂದಾಗ ತವರಿನ ಪಲ್ಲಂಗ ಕಾಣಲಿ ಅಂತ."

"ನನ್ನ ಕೇಳಿದೇನು?"

"ಕೇಳಿದ್ರ ಒಲ್ಲೆ ಅಂತಿದ್ದಿ."

"ಮತ್ತ ಈ ಬೂತು?"

"ಬೂತಿಗೇನಾತು? ಯಾರಿಗರೇ ಮಾರಿದ್ರಾತು. ಹೆಂಗಸು ಫೋನಿನ ಮುಂದ ಕುಂದ್ರೂದು ಬ್ಯಾಡ ಅಂದಾರ ಅವರು. ಮೀರಾ, ನಾ ಏನ್ ನಿನ್ನ ದುಶ್ಮನ್ ಏನು? ನಾ ಇರೂತನಕ ಬರೋಬರಿ. ನಾಳೆ ನೀ ಬಿದ್ದಿ ಅಂದ್ರ ಎತ್ತಾವ್ರು ಯಾರು?"

ಅವನ ಕಣ್ಣಲ್ಲಿ ನೀರಿತ್ತು. ಅದೇ ನನ್ನನ್ನು ಹೆಚ್ಚು ಕೆಣಕಿತು. ಕಣ್ಣೀರು ಸುಳ್ಳಲ್ಲ, ಪ್ರೀತಿಯೂ ಸುಳ್ಳಲ್ಲ, ಆದರೆ ನನ್ನ ಬೂತು, ನನ್ನ ಕೋಣೆ, ನನ್ನ ಸಂಜೆ ಎಲ್ಲವನ್ನೂ ಆ ಪ್ರೀತಿ ಹುಮನಾಬಾದಿನಲ್ಲಿ ಕೂತು ಮಾರಿಬಿಟ್ಟಿತ್ತು. ಅವನು ಹ್ಞೂಂ ಅಂದು ಕೊಟ್ಟ ಮಾತು ಬುಧವಾರದೊಳಗೆ ಮುರಿಯದಿದ್ದರೆ, ಮುಂದೆ ಮುರಿಯುವುದು ನನ್ನಿಂದಾಗದು. ನಮ್ಮ ಮಂದಿಯಲ್ಲಿ ಅಣ್ಣನ ಮಾತು ಮುರಿದ ತಂಗಿಗೆ ತವರಿನ ಬಾಗಿಲು ಮುಚ್ಚಿದ ಹಾಗೆಯೇ. ನನಗೆ ಎರಡೂ ಬೇಕಾಗಿತ್ತು, ತವರೂ ಬೂತೂ.

"ಕೋಣಿ ಹಿಡಿಯೂದಿಲ್ಲಣ್ಣ ಇದು" ಅಂದೆ.

"ಹಿಡೀತದ ತಗೋ. ಹಾಕಿ ತೋರಸ್ತೀನಿ."

ಗುರುಶಾಂತನಿಗೆ ಮಾತು ನಾಟುವುದಿಲ್ಲ ಎಂದು ನನಗೆ ಹುಟ್ಟಿದಾಗಿನಿಂದ ಗೊತ್ತು. ಬಾಯಿ ನೋಯಿಸಿಕೊಳ್ಳುವುದು ಬಿಟ್ಟು ಅಂಬಾದಾಸನಿಗೆ, "ಹಾಕ್ರಿ" ಅಂದೆ.

ಟ್ರಂಕನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದರು. ತಲೆಕಡೆಯ ಹಲಗೆಯನ್ನು ಓರೆ ಮಾಡಿ, ಒಂದು ನವಿಲಿನ ಮೂತಿ ಚೌಕಟ್ಟಿಗೆ ಉಜ್ಜುತ್ತ ಒಳಗೆ ತಂದರು. ಆಮೇಲೆ ಕಾಲುಕಡೆಯದು, ಆಮೇಲೆ ಉದ್ದನ್ನ ಎರಡು ಪಟ್ಟಿ. ಅಂಬಾದಾಸ ಮೊಣಕಾಲೂರಿ ಒಂದೊಂದೇ ಮೂಲೆ ಕೂಡಿಸಿದ. ಗೌಸ ಹಲಗೆ ಹಿಡಿದು ನಿಂತ. ಮೂರು ಮೂಲೆಯಾದ ಮೇಲೆ ಅಂಬಾದಾಸ ಪಾನಾವನ್ನು ಅಣ್ಣನ ಕೈಗೆ ಕೊಟ್ಟ. ಗುರುಶಾಂತ ಅಂಗಿಯ ತೋಳು ಏರಿಸಿ, ದಾರದ ಬೋಲ್ಟು ಕಣ್ಣಿಗೊತ್ತಿಕೊಂಡು ಬಿಗಿದ. ಅದೇ ಹಟದಿಂದ, ಅದೇ ಬೆವರಿನಿಂದ. ಪ್ಲೈವುಡ್ ಹಾಸಿದರು. ಪಲ್ಲಂಗ ಗೋಡೆಯಿಂದ ಗೋಡೆಗೆ ಕೂತಿತ್ತು. ಬೂತಿನ ಬಾಗಿಲು ಒಳಗೆ ತೆರೆಯುವಂಥದ್ದು. ಅದರ ಒಂದು ಕದಕ್ಕೆ ಪಟ್ಟಿ ಒತ್ತಿ ನಿಂತು, ಇನ್ನೊಂದು ಕದ ಮಾತ್ರ ಅರ್ಧ ತೆರೆಯುತ್ತಿತ್ತು.

"ನೋಡು, ಹಿಡೀತಿಲ್ಲೋ?" ಅಂದ ಅಣ್ಣ. ದನಿಯಲ್ಲಿ ಮೊದಲಿನ ಜೋರು ಇರಲಿಲ್ಲ.

ಬೂತಿನಲ್ಲಿ ಫೋನ್ ಬಾರಿಸತೊಡಗಿತು.

ಹಿತ್ತಲಿನ ಬಾಗಿಲಲ್ಲಿ ಹಜಿರಾ ಬೀ, "ಮೀರಾ ಬೇಟಿ, ತಾಹೇರಾಂದು!" ಎಂದು ಕೂಗಿದಳು. ಎರಡು ವಾರದಿಂದ ತಾಹೇರಾಗೆ ಜ್ವರ. ಹೋದ ಶುಕ್ರವಾರ ಮಾತಾಡಲು ದನಿಯೇ ಇರಲಿಲ್ಲ. ಗಲ್ಲಿ ಸುತ್ತಿ ಬೂತಿನ ಮುಂದೆ ಹೋಗೋಣವೆಂದರೆ ಶಟರಿಗೆ ಒಳಗಿನಿಂದ ಚಿಲಕ. ನಾನು ಸೀರೆ ಎತ್ತಿ ಕಟ್ಟಿಕೊಂಡು ಪಲ್ಲಂಗ ಹತ್ತಿದೆ. ನಡುವಿಗೆ ಹೋಗುವಷ್ಟರಲ್ಲಿ ಬೆನ್ನು ಹಿಡಿಯಿತು. ಉಸಿರು ಸಿಕ್ಕಿಕೊಂಡ ಹಾಗಾಗಿ, ಅಂಗೈ ಮೊಣಕಾಲೂರಿದವಳು ಹಾಗೇ ನಿಂತುಬಿಟ್ಟೆ. ಮುಂದೆಯೂ ಹೋಗಲಾರೆ, ಹಿಂದೆಯೂ ಬರಲಾರೆ. ಕನ್ನಡಿಯಲ್ಲಿ ನನ್ನದೇ ಮುಖ ಎದುರಿಗಿತ್ತು, ಅದರ ಹಿಂದೆ ಅಣ್ಣನದು. ಫೋನ್ ಬಾರಿಸಿ ಬಾರಿಸಿ ನಿಂತಿತು.

"ಏನಾತು ಮೀರಾ? ಏನಾತು?" ಅಣ್ಣ ಗಾಬರಿಯಾದ.

ನಾನು ಹಲ್ಲು ಕಚ್ಚಿ ಇನ್ನಷ್ಟು ಅಂಬೆಗಾಲಿಟ್ಟು, ಅರ್ಧ ತೆರೆದ ಕದದಲ್ಲಿ ಮೈ ತೂರಿಸಿ ಬೂತಿಗೆ ಇಳಿದೆ. ಪುಣ್ಯಕ್ಕೆ ಫೋನ್ ಮತ್ತೆ ಬಂತು. ತಾಹೇರಾಳೇ. ಹಜಿರಾ ಬೀಗೆ ಮೊಣಕಾಲು ನೋವು, ಪಲ್ಲಂಗ ಹತ್ತುವ ಮಾತೇ ಇಲ್ಲ. ಗಲ್ಲಿ ಸುತ್ತಿ ಬರುವ ತನಕ ಕಾಯಲೂ ಆಗದು, ತಾಹೇರಾ ಯಾರದೋ ಅಂಗಡಿಯ ಫೋನಿನಿಂದ ಮಾತಾಡುತ್ತಿದ್ದಳು. ಹಾಗಾಗಿ ತಾಯಿ ಹಿತ್ತಲಿನ ಬಾಗಿಲಲ್ಲಿ ನಿಂತು ಕೂಗಿದಳು, ನಾನು ಬೂತಿನಲ್ಲಿ ನಿಂತು ಹೇಳಿದೆ, ಅವಳು ಹೇಳಿದ್ದನ್ನು ತಿರುಗಿ ಕೂಗಿದೆ. ನಡುವೆ ನವಿಲಿನ ಪಲ್ಲಂಗ.

"ಜ್ವರಾ ಬಿಟ್ಟದ ಅಂತ ಖಾಲಾ! ನಿನ್ನೆಯಿಂದ ಉಣ್ಣಾಕತ್ತಾಳ ಅಂತ!"

"ಏನ್ ಉಂಡಾಳ ಕೇಳು!"

"ಗಂಜಿ ಅಂತ! ಇವತ್ತ ಖಿಚಡಿ ಅಂತ!"

"ಖಿಚಡಿ ಬ್ಯಾಡ ಅನ್ನು, ಇನ್ನಾ ಎರಡು ದಿನ ಗಂಜಿ ಕುಡಿ ಅನ್ನು!"

ಹಜಿರಾ ಬೀ ಅಲ್ಲೇ ಹೊಸ್ತಿಲ ಮೇಲೆ ಕೂತು ಅಳತೊಡಗಿದಳು. ಸಮಾಧಾನದ ಅಳು ಅದು. ಗೌಸ ಅವಳಿಗೆ ನೀರು ತಂದುಕೊಟ್ಟ.

ನಾನು ಫೋನ್ ಇಟ್ಟು, ಕದಕ್ಕೆ ಒರಗಿ ನಿಂತೆ. ಗುರುಶಾಂತ ಪಲ್ಲಂಗದ ಆಚೆ ತುದಿಯಲ್ಲಿ ಕೂತಿದ್ದ. ಅವನಿಗೆ ಈಗ ನನ್ನ ಹತ್ತಿರ ಬರಬೇಕೆಂದರೂ ಅಂಬೆಗಾಲೇ ಗತಿ.

"ಬೆನ್ನು ಯಾವಾಗಿಂದ ಹಿಂಗ?" ಕೇಳಿದ.

"ಚಳಿ ಬಿದ್ದಾಗಿಂದ. ಡಾಕ್ಟರು ಕೆಳಗ ಮಲಗಬ್ಯಾಡ ಅಂದಾರ. ಅದಕ್ಕಾ ಈ ಪಲ್ಲಂಗ."

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ಲಗ್ನಾ ಮಾಡಸ್ತಿದ್ದಿ."

ಅಂಬಾದಾಸ ಆ ಕಡೆ ತಿರುಗಿ ನಗು ನುಂಗಿದ. ಅಣ್ಣ ನಗಲಿಲ್ಲ. ಆಮೇಲೆ, "ಖರೇ ಹೇಳು. ಒಬ್ಬಾಕಿನ ಇದ್ದು ನಿನಗ ಬ್ಯಾಸರ ಆಗೂದಿಲ್ಲೇನು?" ಅಂದ.

"ಆಗ್ತದಣ್ಣ. ಹಬ್ಬಕ್ಕ ಆಗ್ತದ, ಜ್ವರಾ ಬಂದಾಗ ಆಗ್ತದ. ನಿನ್ನ ಮನ್ಯಾಗ ಇದ್ದಾಗೂ ಆಗ್ತಿತ್ತು. ಆದ್ರ ಇಲ್ಲಿ ಮುಂಜಾನೆ ಶಟರ್ ಎತ್ತಿದ್ರ ನನಗಾಗಿ ನಾಕು ಮಂದಿ ಕಾಯ್ತಿರ್ತಾರ. ಇದನ್ನ ಬಿಡಿಸಬ್ಯಾಡ. ನೀ ಕೊಟ್ಟ ಮಾತು ಮುರಿಯಾಕ ನನಗ ಆಗೂದಿಲ್ಲ. ನೀನಾ ಮುರಿ."

ಅಣ್ಣನ ಮುಂದೆ ನಾನು ಏನನ್ನೂ ಹೀಗೆ ಬೇಡಿರಲಿಲ್ಲ. ಗಂಡ ಹೋದ ದಿನವೂ ಬೇಡಿರಲಿಲ್ಲ. ಅವನು ಎದ್ದು ಅಂಬಾದಾಸನ ಕಡೆ ಕೈ ಚಾಚಿದ.

"ಪಾನಾ ಕೊಡು."

"ಯಾಕ್ರಿ ಸಾವ್ಕಾರ್ರ?"

"ಬಿಚ್ಚತೀನಿ."

ಅಂಬಾದಾಸ ಪಾನಾವನ್ನು ಬೆನ್ನ ಹಿಂದೆ ಹಿಡಿದ. "ಅಣ್ಣಾರು ಬಿಗಿದದ್ದು ಬಿಚ್ಚಬಾರ್ದರಿ. ಇಷ್ಟ ವರ್ಷದಾಗ ಯಾರೂ ಬಿಚ್ಚಿದ್ದು ನಾ ನೋಡಿಲ್ಲ. ಬೇಕಂದ್ರ ಉಳಿದ ಮೂರು ಮೂಲಿ ನಾ ಬಿಚ್ಚತೀನಿ, ಅದೊಂದು ಬ್ಯಾಡ್ರಿ."

"ತಂಗಿ ನನ್ನಾಕಿ. ಕೊಡು ಇಲ್ಲಿ."

ಬೋಲ್ಟು ಸುಲಭಕ್ಕೆ ಬಿಡಲಿಲ್ಲ. ಅಷ್ಟು ಬಿಗಿದಿದ್ದ ಪುಣ್ಯಾತ್ಮ. ಎರಡೂ ಕೈಯಿಂದ ಒತ್ತಿದ, ಕಾಲು ಕೊಟ್ಟು ಒತ್ತಿದ, ಕುತ್ತಿಗೆಯ ನರ ಉಬ್ಬಿತು, ಹಣೆಯ ವಿಭೂತಿ ಬೆವರಿನಲ್ಲಿ ಇಳಿಯಿತು. ಹಲಗೆ ಬೀಳದಿರಲಿ ಎಂದು ನಾನು ಈ ಕಡೆಯಿಂದ ಹಿಡಿದು ನಿಂತೆ. ಬೆನ್ನು ನೋಯುತ್ತಿತ್ತು, ಆದರೂ ಬಿಡಲು ಮನಸ್ಸಾಗಲಿಲ್ಲ. ಕೊನೆಗೆ ಕಿರ್ ಎಂದು ಅದು ತಿರುಗಿತು.

ದಾರ ಹರಿದ ಬೋಲ್ಟನ್ನು ಅಂಗೈಯಲ್ಲಿ ಇಟ್ಟುಕೊಂಡು ಅವನು ಏದುಸಿರು ಬಿಡುತ್ತ, ನನ್ನ ಮುಖ ನೋಡದೆ ಕೇಳಿದ. "ಅಗಲ ಎಷ್ಟಂದಿ? ಮೂರು ಫೂಟೇನು?"

"ಮೂರು ಫೂಟು."

"ಮಗ್ಗಲ ಬದಲಸಾಕ ಸಾಕಾಗ್ತದೇನು ನಿನಗ?"

"ಸಾಕಾಗ್ತದಣ್ಣ" ಅಂದೆ. ಅನ್ನುವಾಗ ಅಳು ತಡೆಯಲಾಗಲಿಲ್ಲ. ಗಂಡ ಹೋದಾಗಿನಿಂದ ನನಗೇನು ಬೇಕೆಂದು ಎಲ್ಲರೂ ಹೇಳಿದ್ದರು. ಎಷ್ಟು ಸಾಕೆಂದು ಕೇಳಿದವನು ಇವನೊಬ್ಬನೇ.

ಗೌಸ, ಅಂಬಾದಾಸ ಹಲಗೆಗಳನ್ನು ಹೊರಗೆ ಒಯ್ದರು. ದಾರಿಯಾದ ಮೇಲೆ ಗುರುಶಾಂತ ಬೂತಿಗೆ ಬಂದು, ತಾನೇ ಚಿಲಕ ತೆಗೆದು ಶಟರ್ ಎತ್ತಿದ. ಹೊರಗೆ ಆಗಲೇ ಇಬ್ಬರು ಗಿರಾಕಿಗಳು ನಿಂತಿದ್ದರು. ನನ್ನ ಕುರ್ಚಿ ಎಳೆದು ನನ್ನನ್ನು ಕೂರಿಸಿ ಅಂದ.

"ಆ ಚಿಟಗುಪ್ಪಾದವರಿಗೆ ನಾ ಹೋಗಿ ಹೇಳ್ತೀನಿ. ನೀ ಈಗ ಸೇಠಗ ಫೋನ್ ಹಚ್ಚು. ಅಳತಿ ನೀನಾ ಹೇಳು, ನಾ ಬಾಜೂಕ ಸುಮ್ಮ ನಿಂದರ್ತೀನಿ."